ಒಡೆದ ಷಡ್ಜ

ಮುಂಜಾನೆಯ ಚಹಾ ಮುಂದಿಟ್ಟ ಕೂಡಲೇ ಪಂಡಿತ ವೀರಭದ್ರಯ್ಯ ಸಾಲಿಮಠ ಬುವಾ ಅವರು ಮಗಳತ್ತ ತಿರುಗಿ, "ಏನ್ ಬರದಾರವ್ವಾ ಇವತ್ತ?" ಎಂದು ಕೇಳುವುದು ಆ ಮನೆಯ ವಾಡಿಕೆಯಾಗಿಬಿಟ್ಟಿತ್ತು. ಫೋನಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಧಾರವಾಡದಲ್ಲಿ ಅವರು ಹಾಡಿದ ಮಾರ್ವಾ ರಾಗದ ಧ್ವನಿಮುದ್ರಣ ಹೊರಬಂದಾಗಿನಿಂದ ಊರೂರಿನ ಅಭಿಮಾನಿಗಳು ಬರೆಯುತ್ತಲೇ ಇದ್ದರು. ಅದನ್ನು ನೀಲಾಂಬಿಕೆ ಓದಬೇಕು, ಅಪ್ಪ ಬಸಿಗೆ ಚಹಾ ಸುರುವಿಕೊಂಡು ಕೇಳಬೇಕು.

"ಇವರು ಬೆಳಗಾವಿಯವರು. 'ಬುವಾ ಅವರ ಮಾರ್ವಾ ಕೇಳಿಕೋತ ಅಡಿಗಿ ಮಾಡೂದು ಮರತೆ, ಗಂಡ ಡಬ್ಬಿ ಇಲ್ಲದ ಆಫೀಸಿಗೆ ಹೋದ' ಅಂತ."

"ಅವನ ಹೊಟ್ಟಿ ಮ್ಯಾಲೆ ಹೊಡದೆನಲ್ಲವಾ!" ಬುವಾ ನಕ್ಕರು. "ಮುಂದ?"

"ಮೈಸೂರಿನ ಹುಡುಗಿ ಒಬ್ಬಾಕಿ. 'ಹಿಂದೂಸ್ತಾನಿ ಸಂಗೀತ ಅಂದ್ರೆ ಏನೂಂತ ಗೊತ್ತಿರಲಿಲ್ಲ. ಈಗ ದಿನಾ ಕೇಳ್ತೀನಿ. ಆ ಜಾಗ ಬಂದಾಗ ಕಣ್ಣು ತುಂಬುತ್ತೆ' ಅಂತ ಬರದಾಳ."

"ಯಾವ ಜಾಗಾ?"

"ಅದನ್ನ ಬರದಿಲ್ರಿ."

ಬರೆದಿದ್ದಳು. ಅಜ್ಜನ ದನಿ ಒಡೆಯುವ ಜಾಗ ಎಂದು ಸ್ಪಷ್ಟವಾಗಿಯೇ ಬರೆದಿದ್ದಳು. ಅವಳೊಬ್ಬಳಲ್ಲ, ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಒಂದಿಡೀ ಸಂಜೆ ಬುವಾ ಹಾಡಿದ್ದರು. ನಿಧಾನವಾದ ಆಲಾಪ, ಹಾಡಿನ ಸಾಲುಗಳ ಬಂದಿಶು, ಮಳೆಗರೆದಂತೆ ಸ್ವರಗಳ ತಾನಗಳು. ಅದೆಲ್ಲದರ ಬಗ್ಗೆ ಬರೆದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಉಳಿದವರು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಆ ಒಂದು ಬಿರುಕನ್ನೇ ಹಿಡಿದುಕೊಂಡು ಕೂತಿದ್ದರು. ನೀಲಾಂಬಿಕೆ ಅಂಥವನ್ನು ಹಾರಿಸಿ ಹಾರಿಸಿ ಓದುತ್ತಿದ್ದಳು. ದಿನದಿನಕ್ಕೆ ಓದಲು ಉಳಿಯುವುದೇ ಕಡಿಮೆಯಾಗುತ್ತಿತ್ತು.

ಬಿರುಕಿದ್ದದ್ದು ರಾಗದ ಅತ್ಯಂತ ಮುಖ್ಯವಾದ ಜಾಗದಲ್ಲಿ. ಉಳಿದ ರಾಗಗಳಿಗೆಲ್ಲ ಷಡ್ಜವೇ, ಅಂದರೆ 'ಸಾ' ಸ್ವರವೇ, ಮನೆ, ಹಾಡುವವರು ಹೋಗಿ ಬಂದು ಅಲ್ಲಿ ಕೂಡುತ್ತಾರೆ. ಮಾರ್ವಾದಲ್ಲಿ ಹಾಗಲ್ಲ. ಷಡ್ಜದ ಸುತ್ತಮುತ್ತ ಸುಳಿಯುತ್ತ, ಅದನ್ನು ಮುಟ್ಟದೆ, ಕೇಳುವವರನ್ನು ಬಾಗಿಲಾಚೆ ನಿಲ್ಲಿಸಿಡಬೇಕು. ಕಡೆಗೊಮ್ಮೆ ಮೇಲಿನ ಷಡ್ಜ ಬಂದಾಗ ಇಡೀ ಸಭೆ ಉಸ್ಸೆಂದು ಮನೆಯೊಳಗೆ ಬಂದು ಬೀಳಬೇಕು. ಐವತ್ತು ವರ್ಷ ಬುವಾ ಜನರನ್ನು ಹಾಗೆ ಕರೆತಂದಿದ್ದರು. ಆ ಸಂಜೆ ಮಾತ್ರ, ಎಂಬತ್ತರ ಹೊಸ್ತಿಲಲ್ಲಿದ್ದ ದನಿ ಆ ಸ್ವರದ ಮೇಲೆ ಒಡೆಯಿತು. ಅವರು ತಕ್ಷಣ ಸಾವರಿಸಿಕೊಂಡು ಮುಂದೆ ಹಾಡಿದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಕಾಲವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಆ ಸಭಾಂಗಣದ ಕುರ್ಚಿಗಳಲ್ಲಿ 'ಸಹೃದಯ' ಇತ್ತು.

ಹುಬ್ಬಳ್ಳಿಯ ಶ್ರವಣ ಪ್ರಯೋಗಾಲಯದಲ್ಲಿ ಆ ಉಪಕರಣವನ್ನು ರೂಪಿಸಿದವರಲ್ಲಿ ನೀಲಾಂಬಿಕೆಯೂ ಒಬ್ಬಳು. ಒಳ್ಳೆಯ ಹಾಡು ಕೇಳುವಾಗ ನಮ್ಮ ಗಂಟಲೂ ಸದ್ದಿಲ್ಲದೆ ಜೊತೆಗೆ ಹಾಡುತ್ತದೆ. ಉಸಿರು ನಿಲ್ಲುತ್ತದೆ, ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಕುರ್ಚಿಯ ಒರಗಿನಲ್ಲಿ, ಕೈಯಿಡುವಲ್ಲಿ ಹುದುಗಿಸಿದ ಸಂವೇದಕಗಳು ಇವನ್ನೆಲ್ಲ ಹಿಡಿದು, ಇಡೀ ಸಭೆಯದನ್ನು ಕೂಡಿಸಿ ಒಂದು ರೇಖೆ ಮಾಡುತ್ತವೆ. ಆ ರೇಖೆ ಹಾಡಿನ ಜೊತೆಜೊತೆಗೇ ಮುದ್ರಣವಾಗುತ್ತದೆ. ಮನೆಯಲ್ಲಿ ಕೇಳುವವರು ಕಿವಿಗೊಂದು ತೆಳುವಾದ ಪಟ್ಟಿ ಕಟ್ಟಿಕೊಂಡರೆ ಸಾಕು, ಕಿವಿಯ ಬಳಿಯ ನರವನ್ನು ಅದು ಹಗುರವಾಗಿ ಮಿಡಿಯುತ್ತದೆ. ಸಭೆಯ ಉಸಿರು ನಿಂತಲ್ಲಿ ಇವರ ಉಸಿರೂ ನಿಲ್ಲುತ್ತದೆ, ಸಭೆಯ ಗಂಟಲು ಬಿಗಿದಲ್ಲಿ ಇವರ ಗಂಟಲೂ ಬಿಗಿಯುತ್ತದೆ. ಯಂತ್ರಕ್ಕೆ ಭಾವನೆಯ ಗಂಧಗಾಳಿಯಿಲ್ಲ. ಮೈಯ ಸುದ್ದಿಯನ್ನು ಮೈಗೆ ಮುಟ್ಟಿಸುತ್ತದೆ, ಮನಸ್ಸು ಅದರ ಬೆನ್ನು ಹತ್ತಿ ತಾನೇ ಬರುತ್ತದೆ.

ಮೊದಲ ಮುದ್ರಣಕ್ಕೆ ಯಾರ ಕಛೇರಿ ಎಂಬ ಮಾತು ಬಂದಾಗ ಅಪ್ಪನ ಹೆಸರು ಹೇಳಿದವಳು ಅವಳೇ. ಹೊಸ ಕಾಲದ ಮಂದಿ ಅಪ್ಪನನ್ನು ಕರೆಯುವುದು ಬಿಟ್ಟು ಬಹಳ ದಿನವಾಗಿತ್ತು. ಅಪ್ಪನ ಹಾಡು ಎದುರು ಕೂತವರನ್ನು ಏನು ಮಾಡುತ್ತದೆಂದು ಜಗತ್ತಿಗೆ ಗೊತ್ತಾಗಲಿ ಎಂಬ ಆಸೆ ಅವಳಿಗಿತ್ತು.

ಗೊತ್ತೇನೋ ಆಯಿತು. ಪ್ರಯೋಗಾಲಯದ ಮುಖ್ಯಸ್ಥ ಹೇರಂಬ ಗಲಗಲಿ ಪರದೆಯ ಮೇಲೆ ಅದನ್ನು ತೋರಿಸಿದ.

"ನೋಡ್ರಿ ನೀಲಾ ಅವ್ರ. ಜನ ಮುದ್ರಣ ತಗೀತಾರ, ಸೀದಾ ಇಲ್ಲಿಗೇ ಬರ್ತಾರ. ಕೇಳ್ತಾರ, ಮತ್ತ ಹಿಂದಕ್ಕ ಹೋಗಿ ಇದನ್ನಽ ಕೇಳ್ತಾರ. ಉಳಿದದ್ದು ಯಾರಿಗೂ ಬ್ಯಾಡಾಗ್ಯದ."

ಪರದೆಯ ರೇಖೆ ಉದ್ದಕ್ಕೂ ಸಣ್ಣ ಸಣ್ಣ ಅಲೆಯಾಗಿ ಹರಿದು, ಆ ಜಾಗದಲ್ಲಿ ಗೋಡೆಯಂತೆ ಎದ್ದು ನಿಂತಿತ್ತು. ಉಪಕರಣದ ಪರೀಕ್ಷೆಯ ದಿನಗಳಲ್ಲಿ ನೀಲಾಂಬಿಕೆ ಪಟ್ಟಿ ಕಟ್ಟಿಕೊಂಡು ಅದನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿರಲಿಲ್ಲ. ದನಿ ಒಡೆದಾಗ ಸಾವಿರ ಗಂಟಲು ಒಮ್ಮೆಗೇ ಬಿಗಿಯುತ್ತವೆ. ತೊಟ್ಟಿಲ ಕೂಸು ಜಾರಿದಾಗ ಮನೆಮಂದಿಯೆಲ್ಲ ಹೌಹಾರಿದ ಹಾಗೆ. ಹಿಂದೆಯೇ ಎದೆಯೊಳಗೆ ಬಿಸಿಯಾದದ್ದೊಂದು ಉಕ್ಕಿ ಕಣ್ಣಿಗೆ ಬರುತ್ತದೆ. ಹಿತವಾಗಿಯೇ ಇರುತ್ತದೆ ಅದು. ಮತ್ತೊಮ್ಮೆ ಬೇಕೆನಿಸುತ್ತದೆ.

"ಆ ಜಾಗದಾಗ ರೇಖಾ ಸ್ವಲ್ಪ ಸಪಾಟ ಮಾಡೂಣು," ಎಂದಳು ನೀಲಾಂಬಿಕೆ. "ಅಪ್ಪಾರ ಗಾಯನ ಕೇಳ್ಲಿ ಮಂದಿ. ಇದನ್ನಲ್ಲ."

"ಹೆಂಗ ಮಾಡ್ಲಿಕ್ಕೆ ಬರ್ತದರಿ? ಹಾಡು ನಿಮ್ಮ ಅಪ್ಪಾರದು. ರೇಖಾ ಅವರದಲ್ಲ, ನಮ್ಮದೂ ಅಲ್ಲ, ಕುರ್ಚಿ ಮ್ಯಾಲೆ ಕೂತವರದು. ಅವರಿಗೆ ಅನಿಸಿದ್ದನ್ನ ತಿದ್ದಂಗಿಲ್ಲ ಅಂತ ನಿಯಮ ಬರದವರು ನಾವಽ ಅಲ್ಲೇನ್ರಿ? ನೀವೂ ಇದ್ರಿ ಅವತ್ತ."

ಹೌದು, ಅವಳೂ ಇದ್ದಳು. ಕೇಳುಗರ ಮನಸ್ಸಿಗೆ ಯಾರೂ ಬಣ್ಣ ಬಳಿಯಬಾರದೆಂದು ಎಲ್ಲರಿಗಿಂತ ಹೆಚ್ಚು ವಾದಿಸಿದವಳು ಅವಳೇ.

ಒಂದು ಸಂಜೆ ತರಕಾರಿ ಚೀಲ ಹಿಡಿದು ಮಾಳಮಡ್ಡಿಯ ಮನೆಗೆ ಬಂದಾಗ ಹೊರಗೆ ಖಾಜಾಸಾಹೇಬ ನದಾಫರ ಚಪ್ಪಲಿಗಳಿದ್ದವು. ನದಾಫರು ನವಲಗುಂದದವರು, ಪೋಸ್ಟ್ ಮಾಸ್ತರಾಗಿ ನಿವೃತ್ತರಾದವರು. ಹರೆಯದಿಂದಲೂ ಬುವಾ ಎಲ್ಲಿ ಹಾಡಿದರೂ ಮುಂದಿನ ಸಾಲಿನಲ್ಲಿ ಅವರಿರಬೇಕು. ಒಳಗೆ ಬಂದ ನೀಲಾಂಬಿಕೆಗೆ ಅಪ್ಪ ಕಣ್ಣು ಮುಚ್ಚಿ ಕೂತದ್ದು ಕಂಡಿತು. ಅಪ್ಪನ ಕಿವಿಗೆ ಪಟ್ಟಿ ಇತ್ತು.

"ಬರ್ರಿ ಅಕ್ಕಾರ," ಎಂದು ನದಾಫರು ಸಂಭ್ರಮದಿಂದ ಪಿಸುಗುಟ್ಟಿದರು. "ಗುರುಗಳು ತಮ್ಮ ಮುದ್ರಣ ಪಟ್ಟಿ ಕಟಗೊಂಡು ಕೇಳೇ ಇಲ್ಲಂತ. ದೀಪದ ಬುಡಕ್ಕ ಕತ್ತಲಿ ನೋಡ್ರಿ! ಅದಕ್ಕ ನನ್ನ ಪಟ್ಟಿ ತಂದೇನಿ."

ಅಪ್ಪನ ಮುಖದಲ್ಲಿ ಅವಳೆಂದೂ ನೋಡಿರದ ನಗುವಿತ್ತು. ನಿಧಾನಗತಿಯ ವಿಲಂಬಿತ್ ನಡೆಯುತ್ತಿರಬೇಕು. "ಹಿಂಗ ಅನಸ್ತಿತ್ತೇನ ಮಂದಿಗೆ?" ಎಂದು ಕಣ್ಣು ತೆರೆಯದೆಯೇ ಅಂದರು. "ನಾ ಒಬ್ಬನಽ ಹಾಡೇನಿ ಅನಕೊಂಡಿದ್ದೆ. ಎಲ್ಲಾರೂ ನನ್ನ ಸಂಗಾಟ ಹಾಡ್ಯಾರ ನೋಡಲಾ, ನದಾಫ."

ಅವಳಿಗೆ ಚೀಲ ಕೆಳಗಿಡಬೇಕೆಂಬುದೂ ನೆನಪಾಗಲಿಲ್ಲ. ಆ ನಗುವನ್ನು ಅವರಿಂದ ಕಿತ್ತುಕೊಳ್ಳುವುದು ಹೇಗೆ? ಮುಂದಿನದನ್ನು ತಡೆಯದಿರುವುದು ಹೇಗೆ? "ಅಪ್ಪಾ, ಸಾಕ್ರಿ, ಚಾ ಮಾಡ್ತೇನಿ" ಎಂದಳು. ಅವರು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ನಗು ಹಾಗೆಯೇ ಇತ್ತು, ಮೆಲ್ಲಗೆ ಬೆರಳು ತಾಳ ಹಾಕುತ್ತಿತ್ತು. ಆಮೇಲೆ ತಾಳ ನಿಂತಿತು. ಕೈ ತಾನಾಗಿ ಗಂಟಲಿಗೆ ಹೋಯಿತು.

ನದಾಫರು ತಮ್ಮ ಕಣ್ಣು ಒರೆಸಿಕೊಂಡರು. "ಅದಽ ಜಾಗಾರಿ ಗುರುಗಳ. ಅಲ್ಲೇ ನನಗ ಜೀವಾ ಹೋಗಿ ಬರ್ತೈತಿ."

ಬುವಾ ಪಟ್ಟಿ ಬಿಚ್ಚಿ, ನೀಟಾಗಿ ಮಡಚಿ, ನದಾಫರ ಕೈಗಿಟ್ಟರು. ಚಹಾ ಕುಡಿದೇ ಹೋಗಬೇಕೆಂದು ಉಪಚಾರ ಮಾಡಿದರು. ಅವರ ಮೊಮ್ಮಕ್ಕಳ ಓದಿನ ಬಗ್ಗೆ ವಿಚಾರಿಸಿದರು. ಬಾಗಿಲವರೆಗೂ ಹೋಗಿ ಕಳಿಸಿ ಬಂದರು. ಬಂದು ಕೂತು ಮಗಳತ್ತ ತಿರುಗಿದರು.

"ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ."

"ನೀ ಓದಿ ಹೇಳ್ತಿದ್ದಿಯಲಾ, ಕಣ್ಣಾಗ ನೀರ ಬಂತು, ಎದಿ ತುಂಬಿ ಬಂತು ಅಂತ. ನಾ ಏನೇನೋ ತಿಳಕೊಂಡಿದ್ದೆ." ಅವರು ಅಂಗೈ ನೋಡಿಕೊಂಡರು. "ಮಂದಿ ನನ್ನ ನೋಡಿ 'ಪಾಪ' ಅಂದಾರವ್ವಾ. ಹಾಡಾವರಿಗೆ 'ವ್ಹಾ' ಅನಬೇಕು, ಇಲ್ಲಾ 'ಥೂ' ಅನಬೇಕು. ಪಾಪ ಅನಬಾರದು."

ಮರುದಿನದಿಂದ ಅವರು ಅಭಿಪ್ರಾಯ ಓದಿಸುವುದನ್ನು ಬಿಟ್ಟರು. ಚಹಾಕ್ಕೂ ಮೊದಲೇ ತಂಬೂರಿ ಮುಂದಿಟ್ಟುಕೊಂಡು ಕೂಡತೊಡಗಿದರು. ತಿಂಗಳಾನುಗಟ್ಟಲೆ ಕೆಳಗಿನ ಸ್ವರಗಳನ್ನೇ ತಿಕ್ಕಿ ತೊಳೆದರು, ಮೇಲಕ್ಕೆ ಹೋಗಲಿಲ್ಲ. ಕೆಮ್ಮು ಬಂದಾಗ ನಿಲ್ಲಿಸಿ, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಮತ್ತೆ ಶುರು. ಗಂಟಲಿನ ಡಾಕ್ಟರು, ಈ ವಯಸ್ಸಿನಲ್ಲಿ ಸ್ವರತಂತುಗಳು ಒಣಗಿರುತ್ತವೆ, ಅವುಗಳ ಮೇಲೆ ಜೋರು ಮಾಡಬಾರದು ಎಂದರು. ಬುವಾ ಹೂಂ ಎಂದು ತಲೆಯಾಡಿಸಿ ಮನೆಗೆ ಬಂದು ತಂಬೂರಿ ಶ್ರುತಿ ಮಾಡಿದರು. ಬೇಡವೆಂದರೆ ನೋಯಿಸಿದಂತೆ, ಸುಮ್ಮನಿದ್ದರೆ ಅವರನ್ನು ತಾನೇ ದೂಡಿದಂತೆ. ನೀಲಾಂಬಿಕೆ ಸುಮ್ಮನಿದ್ದಳು.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಳಮನೆಯಿಂದ ಆ ಸ್ವರ ಬಂತು. ದೊಡ್ಡದಾಗಿರಲಿಲ್ಲ, ಮೊದಲಿನ ಕಂಚಿನ ಕಸುವೂ ಇರಲಿಲ್ಲ. ಆದರೆ ತಂಬೂರಿಯ ತಂತಿಯೊಳಗಿಂದಲೇ ಎದ್ದು ಬಂದಂತೆ ಶುದ್ಧವಾಗಿತ್ತು, ಅಲುಗದೆ ನಿಂತಿತ್ತು. ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಎಚ್ಚರ.

"ಸಿಕ್ತವ್ವಾ," ಎಂದು ಅಪ್ಪ ಬಾಗಿಲಿಗೆ ಬಂದು ನಿಂತರು. "ನಿಮ್ಮ ಗಲಗಲಿಗೆ ಹೇಳು. ಅದಽ ಸಭಾಂಗಣ, ಅದಽ ರಾಗ, ಅದಽ ಕುರ್ಚಿ. ಒಂದ ಸಲ ಸರಿ ಮಾಡಿ ಬಿಟ್ಟುಬಿಡ್ತೇನಿ."

ಗಲಗಲಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಅವನೇ ಇನ್ನೊಂದು ಕಛೇರಿಗೆ ಕೇಳಿಕೊಳ್ಳಲು ದಾರಿ ಹುಡುಕುತ್ತಿದ್ದ.

ಎರಡನೆಯ ಕಛೇರಿಯ ಸಂಜೆ ಸಭಾಂಗಣ ತುಂಬಿ ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮುದ್ರಣ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ ಮಂದಿ ದೂರದೂರದಿಂದ ಬಂದಿದ್ದರು. ನಿಯಂತ್ರಣ ಕೊಠಡಿಯ ಗಾಜಿನ ಹಿಂದೆ ನೀಲಾಂಬಿಕೆಯೂ ಗಲಗಲಿಯೂ ಕೂತಿದ್ದರು. ಪರದೆಯ ಒಂದು ಬದಿಗೆ ಇಡೀ ಸಭೆಯ ರೇಖೆ, ಇನ್ನೊಂದು ಬದಿಗೆ ಒಂದೊಂದು ಕುರ್ಚಿಗೂ ಒಂದೊಂದು ಚುಕ್ಕೆ.

ಬುವಾ ಹೊತ್ತು ಮುಳುಗುವ ಸಮಯಕ್ಕೆ ಸರಿಯಾಗಿ ಮಾರ್ವಾ ಎತ್ತಿಕೊಂಡರು. ಅಂಥ ಆಲಾಪವನ್ನು ಅವಳು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅವಸರವಿಲ್ಲ, ಪ್ರದರ್ಶನವಿಲ್ಲ. ಆದರೂ ರೇಖೆ ತೆಳ್ಳಗೆ, ಅಸಡ್ಡೆಯಾಗಿ ಹರಿಯುತ್ತಿತ್ತು. ಸಭೆ ಕೇಳುತ್ತಿರಲಿಲ್ಲ, ಕಾಯುತ್ತಿತ್ತು. ಬಂದಿಶು ಆ ಜಾಗದ ಹತ್ತಿರ ಹತ್ತಿರ ಬಂದಂತೆ ರೇಖೆ ಮೇಲೇಳತೊಡಗಿತು. ಹಿಂದಿನ ಸಲಕ್ಕಿಂತ ಮೇಲೆ, ಇನ್ನೂ ಮೇಲೆ. ಸಾವಿರ ಗಂಟಲು ಬಿಗಿದು ಸಿದ್ಧವಾಗಿದ್ದವು.

ಬುವಾ ಮೇಲಿನ ಷಡ್ಜಕ್ಕೆ ಹೋದರು. ಅದು ಒಡೆಯಲಿಲ್ಲ. ಅಂದು ಮುಂಜಾನೆ ಒಳಮನೆಯಲ್ಲಿ ಕೇಳಿದ್ದೇ ಆ ಸ್ವರ, ಅದಕ್ಕಿಂತಲೂ ನಿಶ್ಚಲ. ನೀಲಾಂಬಿಕೆ ಕುರ್ಚಿಯಿಂದ ಅರ್ಧ ಎದ್ದಳು. ಅವಳು ಪರದೆ ನೋಡಿದಳು.

ರೇಖೆ ಒಂದು ಕ್ಷಣ ಗೊಂದಲಗೊಂಡಂತೆ ನಿಂತು, ಕುಸಿಯಿತು. ಬಿಗಿದ ಗಂಟಲುಗಳು ಸಡಿಲಾದವು. ಕುರ್ಚಿಗಳಲ್ಲಿ ಮಂದಿ ಸರಿದು ಕೂತರು. ಎಲ್ಲೋ ಒಬ್ಬರು ಕೆಮ್ಮಿದರು. ಚುಕ್ಕೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಾತ್ರ ಬೆಂಕಿಯ ಹಾಗೆ ಉರಿಯುತ್ತಿತ್ತು. ಅದರಲ್ಲೊಂದು ಮುಂದಿನ ಸಾಲಿನ ನದಾಫರದು. ಆದರೆ ಸಾವಿರದ ಮೊತ್ತದಲ್ಲಿ ಅಂಥ ನಾಲ್ಕಾರು ಚುಕ್ಕೆ ಯಾವ ಲೆಕ್ಕ? ಚಪ್ಪಾಳೆ ಬಿತ್ತು, ಮದುವೆಯಲ್ಲಿ ಭಾಷಣ ಮುಗಿದಾಗ ಬೀಳುವಂಥದ್ದು.

"ಹೋತು," ಎಂದ ಗಲಗಲಿ ತಲೆಗೆ ಕೈಹಚ್ಚಿ. "ಎಲ್ಲಾ ಹೋತು."

"ಸ್ವರ ಹತ್ತಿತ್ರೀ!" ನೀಲಾಂಬಿಕೆ ಅವನತ್ತ ತಿರುಗಿದಳು. "ನೀವು ಕೇಳಲಿಲ್ಲೇನ್ರಿ? ಎಂಬತ್ತು ವರ್ಷದ ಗಂಟಲಿಗೆ ಆ ಸ್ವರ ಹತ್ತಿತು!"

"ಕೇಳಿದೆ. ನಾ ಕೇಳಿದ್ರ ಏನಾಗ್ತದರಿ? ಅಲ್ಲಿ ನೋಡ್ರಿ."

ವೇದಿಕೆಯ ಮೇಲೆ ಬುವಾ ಸಭೆಯನ್ನು ನೋಡುತ್ತಿದ್ದರು. ಅವರಿಗೆ ಪರದೆ ಬೇಕಿರಲಿಲ್ಲ. ತಬಲಾದವನು ಮುಂದಿನ ಸೂಚನೆಗೆ ಕಾದಿದ್ದ. ಬುವಾ ವೇಗದ ದ್ರುತಕ್ಕೆ ಹೋಗದೆ, ಬಂದಿಶಿನ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಅದೇ ದಾರಿ ಹಿಡಿದು, ಅದೇ ಮೆಟ್ಟಿಲು ಹತ್ತಿ, ಮತ್ತೆ ಷಡ್ಜದ ಬಾಗಿಲಿಗೆ ಬಂದರು. ದನಿ ಒಡೆಯಿತು.

ಸಭೆಯಿಂದ ಒಂದು ನಿಟ್ಟುಸಿರು ಎದ್ದಿತು. ರೇಖೆ ಪರದೆಯ ಮೇಲಂಚು ದಾಟಿ ಹೋಯಿತು. ಹೆಣ್ಣುಮಕ್ಕಳು ಸೆರಗು ಕಣ್ಣಿಗೊತ್ತಿಕೊಂಡರು. ಕೆಲವರು ಎದ್ದು ನಿಂತು ಕೈ ಮುಗಿದರು. "ಬಂತು!" ಎಂದು ಗಲಗಲಿ ಮೇಜು ಗುದ್ದಿದ.

ನೀಲಾಂಬಿಕೆ ಗಾಜಿಗೆ ಹಣೆ ಹಚ್ಚಿ ಅಪ್ಪನನ್ನೇ ನೋಡುತ್ತಿದ್ದಳು. ಹಿಂದಿನ ಕಛೇರಿಯಲ್ಲಿ ದನಿ ಒಡೆದಾಗ ಅವರ ಕೊರಳ ನರ ಉಬ್ಬಿತ್ತು, ಎಡಗೈ ಗಾಳಿಯಲ್ಲಿ ತಡಕಾಡಿತ್ತು. ಈಗ ಆ ಕೈ ತೊಡೆಯ ಮೇಲೆ ಸುಮ್ಮನೆ ಕೂತಿತ್ತು.

ಕಾರಿನಲ್ಲಿ ಮನೆಗೆ ಬರುವಾಗ ಶಾಲು ಹೊದ್ದು ಕೂತ ಅಪ್ಪನನ್ನು ಕೇಳಿಯೇಬಿಟ್ಟಳು. "ಎರಡನೇ ಸಲ..."

"ಹೌದವ್ವಾ. ನಾನಽ ಒಡದೆ."

"ಯಾಕ್ರಿ ಅಪ್ಪಾ? ಇಷ್ಟು ತಿಂಗಳು ಅದಕ್ಕಂತಽ ಕೂತು..."

"ಮೊದಲನೇದು ಹಾಡಿದಾಗ ನೀ ನಿನ್ನ ಪರದೇದಾಗ ಏನ್ ಕಂಡಿ?"

ಅವಳು ಕಿಟಕಿಯ ಗಾಜು ಏರಿಸಿದಳು.

"ನನಗ ಅಲ್ಲೇ ಕಂಡ್ತು. ಯಾರೂ ಎದ್ದು ಹೋಗಲಿಲ್ಲ, ಆದ್ರ ಎಲ್ಲಾರೂ ಎದ್ದು ಹೋಗಿದ್ರು. ಅಷ್ಟು ದೊಡ್ಡ ಜಾಗಾದಾಗ ನಾ ಒಬ್ಬನಽ ಕೂತಂಗಾತು." ಅವರು ಶಾಲನ್ನು ಇನ್ನಷ್ಟು ಎಳೆದುಕೊಂಡರು. "ಅಂಜಿಕಿ ಬಂತವಾ. ಪಾಪ ಅಂದ್ರೂ ಅನ್ಲಿ, ಅವರು ಇದ್ರ ಸಾಕು ಅನಿಸ್ತು."

ಮುದ್ರಣ ಹೊರಬಂತು. ಮೊದಲ ಷಡ್ಜವನ್ನು ತೆಗೆದು, ಎರಡನೆಯದನ್ನು ಮಾತ್ರ ಉಳಿಸಿಕೊಂಡಿದ್ದರು. ರೇಖೆ ತಿದ್ದಬಾರದೆಂಬ ನಿಯಮವಿತ್ತು, ಹಾಡು ಕತ್ತರಿಸಬಾರದೆಂದು ಯಾವ ನಿಯಮವೂ ಇರಲಿಲ್ಲ. ನೀಲಾಂಬಿಕೆ ಜಗಳಾಡಿದಳು, ರಾಜೀನಾಮೆ ಕೊಡುತ್ತೇನೆಂದಳು. "ಕೊಡ್ರಿ, ನನಗ ಬ್ಯಾಸರಾಗ್ತದ, ಆದ್ರ ಮುದ್ರಣ ನಿಲ್ಲೂದಿಲ್ಲ," ಎಂದ ಗಲಗಲಿ. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವಳು ಕೊಟ್ಟಳು. ಮುದ್ರಣ ನಿಲ್ಲಲಿಲ್ಲ.

ಅಭಿಪ್ರಾಯಗಳು ಹಿಂದಿಗಿಂತ ಹೆಚ್ಚಾಗಿ ಬಂದವು. ಅಜ್ಜ ನಮ್ಮನ್ನು ಈ ಸಲವೂ ಅಳಿಸಿದರು ಎಂದು ಕಲಬುರ್ಗಿಯವರೊಬ್ಬರು ಬರೆದರು. ಅವತ್ತು ಸಭೆಯಲ್ಲಿದ್ದ ಇನ್ನೊಬ್ಬರು, ಮೊದಲ ಸಲ ಸರಿ ಹತ್ತಲಿಲ್ಲ, ಎರಡನೇ ಸಲ ನಮ್ಮ ಅಜ್ಜ ಸಿಕ್ಕರು ಎಂದರು. ಪಟ್ಟಿ ಇಲ್ಲದೆ ಕೇಳಬೇಡಿ, ಬರಿಯ ಹಾಡಿನಲ್ಲಿ ಏನೂ ಇಲ್ಲ ಎಂದು ಮತ್ತೊಬ್ಬರು ಗೆಳೆಯರಿಗೆ ಬುದ್ಧಿ ಹೇಳಿದ್ದರು. ನದಾಫರೊಬ್ಬರು ಮಾತ್ರ, ಮೊದಲನೆಯ ಷಡ್ಜ ಎಲ್ಲಿ ಹೋಯಿತೆಂದು ಕೇಳಿದ್ದರು. ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಅವಳು ಕೆಲಸ ಬಿಟ್ಟ ದಿನ ಗಲಗಲಿ ತಾನಾಗಿಯೇ ಆ ಕತ್ತರಿಸಿದ ತುಣುಕನ್ನು ಅವಳಿಗೆ ಕೊಟ್ಟಿದ್ದ. ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅವಳು ಅದನ್ನು ಹಾಕಿಕೊಂಡಳು. ಪಟ್ಟಿ ಇಲ್ಲದೆ, ಬರಿಯ ಕಿವಿಯಿಂದ. ಬಂದಿಶು ಮೆಟ್ಟಿಲು ಹತ್ತುತ್ತ ಬಂತು. ಅವಳ ಗಂಟಲು ಬಿಗಿಯಿತು, ಉಸಿರು ನಿಂತಿತು. ಷಡ್ಜ ಬಂತು, ನಿಷ್ಕಳಂಕವಾಗಿ ನಿಂತಿತು, ಮುಗಿಯಿತು. ಅವಳ ಗಂಟಲು ಇನ್ನೂ ಬಿಗಿದೇ ಇತ್ತು, ಬಾರದ ಬಿರುಕಿಗೆ ಕಾಯುತ್ತಿತ್ತು. ಏನೋ ಕೊರತೆಯಾದಂತೆ ಎದೆ ಭಣಗುಟ್ಟಿತು. ಅವಳು ಮತ್ತೆ ಹಾಕಿದಳು, ಇನ್ನೊಮ್ಮೆ ಹಾಕಿದಳು. ಅಪ್ಪನ ಜೀವಮಾನದ ಅತ್ಯಂತ ಕಷ್ಟದ ಸ್ವರ ಅದೆಂದು ಬುದ್ಧಿಗೆ ಗೊತ್ತಿತ್ತು. ಅವಳ ಮೈ ಮಾತ್ರ ಸಭೆಯ ಮೈಯಾಗಿಬಿಟ್ಟಿತ್ತು. ಆ ಕಲಿಕೆಯನ್ನು ಅಳಿಸುವ ಉಪಕರಣವನ್ನು ಪ್ರಯೋಗಾಲಯದಲ್ಲಿ ಅವರ್‍ಯಾರೂ ಮಾಡಿರಲಿಲ್ಲ.

ಸಂಜೆ ಅಪ್ಪ ತಂಬೂರಿ ಕೇಳಿದರು. ಅವರ ಬೆರಳು ಸೋತಿದ್ದುದರಿಂದ ಈಗ ಅವಳೇ ಮೀಟಬೇಕಿತ್ತು. ಎದುರು ಯಾರೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಮೇಲೇರಿದರು. ಮೇಲಿನ ಷಡ್ಜದ ಮೇಲೆ ದನಿ ಒಡೆಯಿತು. ನೀರು ಕುಡಿದು ಮತ್ತೊಮ್ಮೆ ಹೋದರು. ಮತ್ತೆ ಒಡೆಯಿತು, ಅದೇ ಜಾಗದಲ್ಲಿ, ಅದೇ ರೀತಿ.

ಅವರು ಕಣ್ಣು ತೆರೆದು ಮಗಳನ್ನು ನೋಡಿದರು. "ಈಗ ನಾ ಒಡದ್ನೋ, ತಾನಽ ಒಡೀತೋ?"

"ಗೊತ್ತಾಗ್ಲಿಲ್ರಿ ಅಪ್ಪಾ," ಎಂದಳು ನೀಲಾಂಬಿಕೆ.

"ನನಗೂ ಗೊತ್ತಾಗ್ಲಿಲ್ಲ." ಬುವಾ ಇನ್ನೊಂದು ಗುಟುಕು ನೀರು ಕುಡಿದರು. ಆಮೇಲೆ, "ಶ್ರುತಿ ಬಿಡಬ್ಯಾಡವಾ, ಹಿಡಿ," ಎಂದು ಕಣ್ಣು ಮುಚ್ಚಿಕೊಂಡರು.